ಪರದೆ ಆರಿಸಿ ಇನ್‌ಸ್ಟಾಲ್ ಮಾಡಿ ನೋಡಿ

ಕರ್ನಾಟಕದ ಲಿನಕ್ಸ್ ಬಳಕೆದಾರರ ಬಳಗಗಳಿಗೆ, ಮುಕ್ತ ತಂತ್ರಾಂಶದ ಕಾರ್ಯಕರ್ತರಿಗೆ, ಕಾಲೇಜುಗಳಲ್ಲಿ ಇನ್‌ಸ್ಟಾಲ್ ಶಿಬಿರ ನಡೆಸುವ ಗೆಳೆಯರಿಗೆ,



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ ಆಗಲಿ, ಹೊಸ ಪ್ರೊಸೆಸರ್ ಆಗಲಿ ಇಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪುಗಳು ಎಷ್ಟೋ ಮನೆಗಳಲ್ಲಿ ಉಳಿದಿವೆ. ಅವನ್ನು ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಸಿಕೊಳ್ಳಿ ಎಂದು ನೀವು ಊರೂರಲ್ಲಿ ಹೇಳುತ್ತಿದ್ದೀರಿ. ಆ ಮಾತು ನೂರಕ್ಕೆ ನೂರು ಸರಿ. ಆದರೆ ಅದನ್ನು ನಂಬಿ ನಿಮ್ಮ ಬಾಗಿಲಿಗೆ ಬರುವವರಲ್ಲಿ ಪರದೆಯನ್ನು ಕಿವಿಯಿಂದ ಓದುವವರೂ ಇದ್ದಾರೆ. 2011ರ ಜನಗಣತಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರನ್ನು ದೃಷ್ಟಿದೋಷವುಳ್ಳವರೆಂದು ಎಣಿಸಿತ್ತು. ಅವರಲ್ಲಿ ಕಂಪ್ಯೂಟರಿನಿಂದಲೇ ಓದುವ, ಸಂಬಳ ದುಡಿಯುವ, ಪರೀಕ್ಷೆಗೆ ತಯಾರಾಗುವ ಜನ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಇವರಲ್ಲಿ ಯಾರಾದರೂ ತಮ್ಮ ವಿಂಡೋಸನ್ನು ಉಳಿಸಿಕೊಂಡು ಅದರ ಪಕ್ಕದಲ್ಲಿ ಲಿನಕ್ಸನ್ನು ತಾವೇ ಹಾಕಿಕೊಳ್ಳುತ್ತೇನೆ ಎಂದರೆ, ಇವತ್ತು ನಾವು ಅವರ ಕೈಗೆ ಕೊಡುತ್ತಿರುವುದು ನಡುನಡುವೆ ಮಾತು ನಿಂತುಹೋಗುವ ಒಂದು ದಾರಿ. ಈ ಮೌನ ತಂತ್ರಜ್ಞಾನದ ಮಿತಿಯಿಂದ ಬಂದದ್ದಲ್ಲ, ನಾವು ಯಾವುದನ್ನು ಮೊದಲು ಸರಿಪಡಿಸುತ್ತೇವೆ ಎಂಬ ಆಯ್ಕೆಯಿಂದ ಬಂದದ್ದು. ಆ ಆಯ್ಕೆಯನ್ನು ಬದಲಿಸುವ ಶಕ್ತಿ ನಿಮಗಿದೆ ಎಂಬ ನಂಬಿಕೆಯಿಂದಲೇ ಇದನ್ನು ನಿಮಗೆ ಬರೆಯುತ್ತಿದ್ದೇನೆ.

ಪಕ್ಕದಲ್ಲೇ ಯಾಕೆ, ವಿಂಡೋಸ್ ಅಳಿಸಿ ಲಿನಕ್ಸ್ ಒಂದನ್ನೇ ಹಾಕಿದರೆ ಕೆಲಸ ಸುಲಭವಲ್ಲವೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಕಣ್ಣಿರುವವರಿಗೆ ಡ್ಯುಯಲ್ ಬೂಟ್ ಒಂದು ಅನುಕೂಲ. ಲಿನಕ್ಸ್ ಕೈಕೊಟ್ಟರೆ ಪರದೆಯ ಮೇಲಿನ ದೋಷದ ಸಂದೇಶವನ್ನಾದರೂ ಅವರು ಓದಬಲ್ಲರು, ಫೋನಿನಲ್ಲಿ ಅದರ ಚಿತ್ರ ತೆಗೆದು ನಿಮಗೆ ಕಳಿಸಬಲ್ಲರು. ಅಂಧ ಬಳಕೆದಾರರಿಗೆ ಧ್ವನಿ ನಿಂತ ಗಳಿಗೆಯಲ್ಲೇ ಇಡೀ ಯಂತ್ರ ಕಲ್ಲಾಗುತ್ತದೆ. ಲಿನಕ್ಸಿನ ಹೊಸ ಅಪ್‌ಡೇಟ್ ಬಂದು ಧ್ವನಿ ಹೋದ ದಿನ, ಮಾತಾಡುವ ಇನ್ನೊಂದು ವ್ಯವಸ್ಥೆ ಅದೇ ಯಂತ್ರದಲ್ಲಿ ಇದ್ದರೆ ಮಾತ್ರ ಅವರು ಅದನ್ನು ರಿಪೇರಿ ಮಾಡಿಕೊಳ್ಳಬಲ್ಲರು. ಇಷ್ಟು ದಿನ ಬೆರಳಿಗೆ ಅಂಟಿದ ಅಭ್ಯಾಸವೆಲ್ಲ ಪರದೆಯನ್ನು ಓದಿ ಹೇಳುವ ವಿಂಡೋಸಿನ ಸ್ಕ್ರೀನ್ ರೀಡರುಗಳಾದ ಎನ್‌ವಿಡಿಎ ಅಥವಾ ಜಾಸ್‌ನದು. ಕಚೇರಿಯ ತಂತ್ರಾಂಶ, ಟ್ಯಾಲಿ, ಎಷ್ಟೋ ಪರೀಕ್ಷೆಗಳ ಅಭ್ಯಾಸದ ಸಾಧನಗಳು ಎಲ್ಲ ಅಲ್ಲೇ ಇವೆ. ಹೊಳೆಗೆ ಇಳಿಯುವವರು ದಡದ ಮರಕ್ಕೊಂದು ಹಗ್ಗ ಕಟ್ಟಿಕೊಂಡು ಇಳಿಯುವ ಹಾಗೆ ಇದು. ಹಾಗಾಗಿ ಅಂಧರ ಮಟ್ಟಿಗೆ ಲಿನಕ್ಸಿಗೆ ಬರುವ ಜವಾಬ್ದಾರಿಯುತ ದಾರಿ ಎಂದರೆ ವಿಂಡೋಸ್ ಪಕ್ಕದ ದಾರಿಯೇ. ನಮ್ಮ ಇನ್‌ಸ್ಟಾಲರುಗಳು ಅತ್ಯಂತ ಹೆಚ್ಚು ಮುಗ್ಗರಿಸುವುದೂ ಅದೇ ದಾರಿಯಲ್ಲಿ.

ಆ ದಾರಿಯನ್ನು ಮೊದಲಿನಿಂದ ಕಿವಿಗೊಟ್ಟು ನಡೆದು ನೋಡಿ. ಪೆನ್‌ಡ್ರೈವ್ ತಯಾರಿಸುವ ಕೆಲಸ ವಿಂಡೋಸಿನಲ್ಲೇ ಆಗುವುದರಿಂದ ಅಲ್ಲಿ ತೊಂದರೆಯಿಲ್ಲ. ಆಮೇಲೆ ಯಂತ್ರವನ್ನು ಆರಿಸಿ, ಎಫ್2 ಅಥವಾ ಎಫ್12 ಒತ್ತಿ ಬಯಾಸ್‌ಗೆ ಹೋಗಿ ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಬಯಾಸ್ ಎಂದು ನಾವು ಇನ್ನೂ ಕರೆಯುವ ಆ ಯುಇಎಫ್‌ಐ ಪರದೆ ಮಾತಾಡುವುದಿಲ್ಲ. ನಿಮ್ಮ ಶಿಬಿರದಲ್ಲಿ ಹಂಚುವ ವೆಂಟಾಯ್ ಪೆನ್‌ಡ್ರೈವಿನಲ್ಲಿ ಹತ್ತು ಐಎಸ್‌ಓ ಕಡತಗಳ ಪಟ್ಟಿ ಬರುತ್ತದೆ, ಅದೂ ಮಾತಾಡುವುದಿಲ್ಲ. ಅದನ್ನು ದಾಟಿ ಲೈವ್ ಡೆಸ್ಕ್‌ಟಾಪ್ ತೆರೆದುಕೊಂಡಿತು ಎಂದುಕೊಳ್ಳಿ; ತೆರೆದುಕೊಂಡಿದೆ ಎಂದು ಗೊತ್ತಾಗುವುದು ಹೇಗೆ? ಆಲ್ಟ್, ಸೂಪರ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಓರ್ಕಾ ಎಂಬ ಸ್ಕ್ರೀನ್ ರೀಡರ್ ಮಾತಾಡಬೇಕು. ಆದರೆ ಧ್ವನಿ ಎಚ್‌ಡಿಎಂಐ ಕಡೆಗೆ ಹೋಗಿದ್ದರೆ, ವಾಲ್ಯೂಮ್ ಮ್ಯೂಟ್ ಆಗಿದ್ದರೆ, ಅಥವಾ ಈಚಿನ ಹಲವು ಲ್ಯಾಪ್‌ಟಾಪುಗಳ ಸೌಂಡ್ ಚಿಪ್‌ಗೆ ಬೇಕಾದ ಫರ್ಮ್‌ವೇರ್ ಐಎಸ್‌ಓದಲ್ಲಿ ಇಲ್ಲದಿದ್ದರೆ ಏನೂ ಕೇಳಿಸುವುದಿಲ್ಲ. ಯಂತ್ರ ಇನ್ನೂ ಬೂಟ್ ಆಗುತ್ತಿದೆಯೋ, ಎಲ್ಲೋ ಸಿಕ್ಕಿಕೊಂಡಿದೆಯೋ, ಎಲ್ಲ ಸರಿಯಾಗಿದ್ದು ಧ್ವನಿ ಮಾತ್ರ ಇಲ್ಲವೋ ಎಂದು ಹೇಳುವ ಗುರುತು ಒಂದೂ ಇಲ್ಲ. ಮೂರು ಬೇರೆ ಬೇರೆ ತೊಂದರೆಗಳು ಆ ಕಿವಿಗೆ ಒಂದೇ ಥರದ ನಿಶ್ಶಬ್ದವಾಗಿ ಬರುತ್ತವೆ.

ಎಲ್ಲಕ್ಕಿಂತ ಅಪಾಯದ ಜಾಗ ಡಿಸ್ಕನ್ನು ಹಂಚುವ ಪುಟ. ಹಿಂದಿರುಗಲು ಆಗದ ತಪ್ಪು ಆಗುವುದು ಅಲ್ಲೇ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉಬುಂಟುವಿನ ಹಳೆಯ ಇನ್‌ಸ್ಟಾಲರಿನಲ್ಲಿ ವಿಂಡೋಸ್ ಪಕ್ಕದಲ್ಲಿ ಹಾಕು ಎಂದರೆ ಪರದೆಯ ಮೇಲೆ ಅಕ್ಕಪಕ್ಕ ಎರಡು ಪಟ್ಟಿಗಳು, ನಡುವೆ ಒಂದು ಗೆರೆ ಬರುತ್ತಿತ್ತು. ಆ ಗೆರೆಯನ್ನು ಮೌಸಿನಿಂದ ಹಿಡಿದು ಎಳೆದರೆ ವಿಂಡೋಸಿನ ಪಾಲು ಕಿರಿದಾಗಿ ಲಿನಕ್ಸಿನ ಪಾಲು ಹಿಗ್ಗುತ್ತಿತ್ತು. ನೋಡುವವರಿಗೆ ಅದಕ್ಕಿಂತ ಸುಲಭದ ಚಿತ್ರ ಇನ್ನೊಂದಿಲ್ಲ, ಕೇಳುವವರಿಗೆ ಅದು ಇಲ್ಲವೇ ಇಲ್ಲ. ಕೈಯಾರೆ ಪಾರ್ಟಿಷನ್ ಮಾಡುತ್ತೇನೆ ಎಂದರೆ ಸಾಲಾಗಿ ಹೆಸರುಗಳು ಕೇಳುತ್ತವೆ: ಎನ್‌ವಿಎಂಇ ಸೊನ್ನೆ ಎನ್ ಒಂದು ಪಿ ಮೂರು, ಎನ್‌ವಿಎಂಇ ಸೊನ್ನೆ ಎನ್ ಒಂದು ಪಿ ನಾಲ್ಕು. ಒಂದರಲ್ಲಿ ಹತ್ತು ವರ್ಷದ ಕಡತಗಳು, ಇನ್ನೊಂದರಲ್ಲಿ ಖಾಲಿ ಜಾಗ. ವ್ಯತ್ಯಾಸ ಕೊನೆಯ ಒಂದು ಅಂಕಿ. ಆ ಸಾಲಿನ ಜೊತೆಗೆ ಎಷ್ಟು ಜಿಬಿ, ಯಾವ ಕಡತ ವ್ಯವಸ್ಥೆ, ಒಳಗೆ ವಿಂಡೋಸ್ ಇದೆಯೋ ಇಲ್ಲವೋ ಎಂಬುದನ್ನು ಒಂದೇ ಉಸಿರಿಗೆ ಹೇಳಿದರೆ ಯಾರೂ ತಪ್ಪುವುದಿಲ್ಲ. ಪಟ್ಟಿಯ ಕಾಲಂಗಳಿಗೆ ಹೆಸರಿಡದೆ ಬಿಟ್ಟರೆ ಅಂಕಿಗಳಷ್ಟೇ ಉದುರುತ್ತವೆ. ಬಟನ್‌ಗೆ ಹೆಸರು ಕೊಡದಿದ್ದರೆ ಓರ್ಕಾ ಬರೀ ‘ಬಟನ್’ ಎನ್ನುತ್ತದೆ. ಅದು ಹಿಂದಕ್ಕೆ ಹೋಗುವ ಬಟನ್ನೋ, ಡಿಸ್ಕ್ ಅಳಿಸುವ ಬಟನ್ನೋ ತಿಳಿಯದು. ಇಂಥ ಪುಟದ ಮುಂದೆ ಎಂಟರ್ ಒತ್ತದೆ ಕೈ ಹಿಂದಕ್ಕೆ ತೆಗೆದುಕೊಳ್ಳುವವರನ್ನು ಅಂಜುಬುರುಕರು ಎನ್ನಲಾಗದು. ಅವರ ವಿವೇಕ ಸರಿಯಾಗಿದೆ, ಪುಟ ಸರಿಯಾಗಿಲ್ಲ.

ಇನ್‌ಸ್ಟಾಲ್ ಮುಗಿದ ಮೇಲೂ ಮೌನ ಮುಗಿಯುವುದಿಲ್ಲ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ವೈಫೈಗೋ ಗ್ರಾಫಿಕ್ಸ್‌ಗೋ ಹೊರಗಿನ ಡ್ರೈವರ್ ಬೇಕು ಎಂದು ಗುರುತು ಹಾಕಿದರೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ಒಂದು ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಎಂದು ಹತ್ತು ಸೆಕೆಂಡು ಕಾದು, ಒತ್ತದಿದ್ದರೆ ಮುಂದೆ ಹೋಗುತ್ತದೆ. ಕಾಣದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಮಾರನೆಯ ದಿನ ವೈಫೈ ಯಾಕೆ ಇಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಆಮೇಲೆ ದಿನದಿನವೂ ಎದುರಾಗುವುದು ಯಾವ ವ್ಯವಸ್ಥೆ ಏಳಬೇಕು ಎಂದು ಕೇಳುವ ಗ್ರಬ್ ಮೆನು. ಅಂಧ ಬಳಕೆದಾರರು ಅದನ್ನು ಎಣಿಕೆಯಿಂದ ನಿಭಾಯಿಸುತ್ತಾರೆ: ಇಷ್ಟು ಸೆಕೆಂಡು ಕಾದು, ಕೆಳಬಾಣವನ್ನು ಎರಡು ಸಲ ಒತ್ತಿ ಎಂಟರ್ ಕೊಟ್ಟರೆ ವಿಂಡೋಸ್. 2021ರಲ್ಲಿ ಬಂದ ಗ್ರಬ್ 2.06 ಬೇರೆ ವ್ಯವಸ್ಥೆಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ ಓಎಸ್-ಪ್ರೋಬರನ್ನು ಭದ್ರತೆಯ ಕಾರಣಕ್ಕೆ ತಾನಾಗಿ ಓಡದಂತೆ ಮಾಡಿತು. ಕಾರಣ ನ್ಯಾಯವಾದದ್ದೇ. ಆದರೆ ಆ ಬದಲಾವಣೆ ಹಾಗೇ ಬಂದು ತಲುಪಿದ ಯಂತ್ರದಲ್ಲಿ ಮೆನು ಮತ್ತೆ ತಯಾರಾದಾಗ ವಿಂಡೋಸಿನ ಸಾಲೇ ಮಾಯವಾಗುತ್ತದೆ. ಕಣ್ಣಿರುವವರು ಅಯ್ಯೋ ಎಂದುಕೊಂಡು ಒಂದು ಸಾಲು ತಿದ್ದುತ್ತಾರೆ. ಎಣಿಕೆಯನ್ನು ನಂಬಿದವರು ಎರಡು ಸಲ ಕೆಳಗೆ ಒತ್ತಿ ಇನ್ನೆಲ್ಲೋ ಹೋಗಿ ನಿಲ್ಲುತ್ತಾರೆ.

ಇದೆಲ್ಲ ಇಷ್ಟು ಕಷ್ಟವಾದ್ದರಿಂದ ಆಗದ ಕೆಲಸ ಎಂದು ತೀರ್ಮಾನಿಸುವವರಿಗೆ ಇತಿಹಾಸ ಒಪ್ಪುವುದಿಲ್ಲ. ಪುಣೆಯಲ್ಲಿ ಹುಟ್ಟಿದ, ಸ್ವತಃ ಅಂಧರಾದ ಟಿ. ವಿ. ರಾಮನ್, ಮಾತಾಡುವ ಮುಕ್ತ ತಂತ್ರಾಂಶ ಇಮ್ಯಾಕ್‌ಸ್ಪೀಕ್ ಬಿಡುಗಡೆ ಮಾಡಿದ್ದು 1995ರಲ್ಲಿ. ಮುಕ್ತ ತಂತ್ರಾಂಶಕ್ಕೆ ಮಾತು ಬಂದು ಮೂವತ್ತು ವರ್ಷ ದಾಟಿದೆ. 2013ರ ಮೇ ತಿಂಗಳಲ್ಲಿ ಬಂದ ಡೆಬಿಯನ್ 7, ಬ್ರೈಲ್ ಯಂತ್ರ ಇಲ್ಲದ ಅಂಧರೂ ಬರೀ ಧ್ವನಿಯಿಂದ ಇನ್‌ಸ್ಟಾಲ್ ಮಾಡಬಹುದು ಎಂದು ತನ್ನ ಬಿಡುಗಡೆಯ ಪ್ರಕಟಣೆಯಲ್ಲೇ ಹೇಳಿಕೊಂಡಿತು. ಬೂಟ್ ಮೆನು ಬಂದಾಗ ಒಂದು ಬೀಪ್, ಎಸ್ ಒತ್ತಿ ಎಂಟರ್ ಕೊಟ್ಟರೆ ಇನ್‌ಸ್ಟಾಲರ್ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತದೆ, ಉತ್ತರವನ್ನು ಅಂಕಿಯಲ್ಲಿ ಕೊಟ್ಟರಾಯಿತು. ನೋಡಲು ಅದರಲ್ಲಿ ಅಂದಚೆಂದ ಏನೂ ಇಲ್ಲ, ಕೇಳಲು ಅದು ಬಹಳ ಸ್ಪಷ್ಟ. ಆರ್ಚ್‌ನ ಅಧಿಕೃತ ಐಎಸ್‌ಓದಲ್ಲೂ ಈಗ ಧ್ವನಿಯಿಂದ ಶುರುವಾಗುವ ಪ್ರತ್ಯೇಕ ಆಯ್ಕೆ ಇದೆ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನೂ ಅಧಿಕೃತ ಇನ್‌ಸ್ಟಾಲರಿನೊಳಗೆ ಸೇರಿಸಲು ತೀರ್ಮಾನಿಸಿದರು, 2023ರ ಡೆಬಿಯನ್ 12ರಲ್ಲಿ ಅದು ಜಾರಿಗೆ ಬಂತು. ತತ್ವಕ್ಕೆ ಇಷ್ಟು ನಿಷ್ಠವಾದ ಒಂದು ಸಮುದಾಯ ಆ ಮಾತಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಫರ್ಮ್‌ವೇರ್ ಇಲ್ಲದೆ ಸೌಂಡ್ ಚಿಪ್ ಏಳದ ಯಂತ್ರದಲ್ಲಿ, ಇನ್‌ಸ್ಟಾಲ್ ಆದ ಮೇಲೆ ಹಾಕಿಕೊಳ್ಳಿ ಎಂಬ ಮಾತು ಅಂಧರಿಗೆ ಬಾಗಿಲು ಮುಚ್ಚಿದ ಹಾಗೆಯೇ ಸರಿ.

ಇದಕ್ಕೆ ಎದುರಾಗಿ ಉಬುಂಟುವಿನ ಉದಾಹರಣೆ ನೋಡಿ. 2006ರಿಂದ ಇದ್ದ ಯುಬಿಕ್ವಿಟಿ ಇನ್‌ಸ್ಟಾಲರಿಗೆ ಆ ಎಳೆಯುವ ಗೆರೆಯಂಥ ಕುಂದುಗಳಿದ್ದರೂ ಓರ್ಕಾ ಜೊತೆಗಿನ ಅದರ ನಂಟು ವರ್ಷಗಳ ಕಾಲ ತಿದ್ದಿ ತಿದ್ದಿ ಬೆಳೆದದ್ದು. 2023ರ ಏಪ್ರಿಲ್‌ನಲ್ಲಿ ಬಂದ 23.04ರಲ್ಲಿ ಅದರ ಜಾಗಕ್ಕೆ ಫ್ಲಟರ್‌ನಲ್ಲಿ ಬರೆದ ಹೊಸ ಇನ್‌ಸ್ಟಾಲರ್ ಬಂತು. ಒಂದು ವರ್ಷದ ಮೇಲೆ, 2024ರ ಏಪ್ರಿಲ್‌ನಲ್ಲಿ ದೀರ್ಘಾವಧಿ ಬೆಂಬಲದ 24.04 ಬಿಡುಗಡೆಯಾದಾಗ, ಸ್ಕ್ರೀನ್ ರೀಡರ್ ಬೆಂಬಲ ಇದೆ, ಆದರೆ ಅಪೂರ್ಣ ಎಂದು ಅದರ ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿತ್ತು. ಮುಚ್ಚಿಡದೆ ಹೇಳಿದ್ದಕ್ಕೆ ಗೌರವ ಸಲ್ಲಬೇಕು. ಆದರೂ ಆ ಸಾಲಿನ ಅರ್ಥ ಏನು ಎಂದು ಯೋಚಿಸಿ. ಮೌಸ್ ಅಪೂರ್ಣವಾಗಿ ಕೆಲಸ ಮಾಡುವ ಇನ್‌ಸ್ಟಾಲರನ್ನು ಐದು ವರ್ಷ ಬಾಳಬೇಕಾದ ಆವೃತ್ತಿಯಲ್ಲಿ ಯಾರೂ ಬಿಡುಗಡೆ ಮಾಡುತ್ತಿರಲಿಲ್ಲ. ಬಿಡುಗಡೆಯ ದಿನ ಮುಂದೆ ಹೋಗುತ್ತಿತ್ತು. ಧ್ವನಿ ಅಪೂರ್ಣವಾದರೆ ದಿನ ಮುಂದೆ ಹೋಗಲಿಲ್ಲ, ಟಿಪ್ಪಣಿಯಲ್ಲಿ ಒಂದು ಸಾಲು ಸೇರಿತು. ನಾನು ಆರಂಭದಲ್ಲಿ ಆಯ್ಕೆ ಎಂದದ್ದು ಇದನ್ನೇ. ಇಲ್ಲದ್ದನ್ನು ಹೊಸದಾಗಿ ಕಟ್ಟಿಕೊಡಿ ಎಂಬುದು ಅಂಧ ಬಳಕೆದಾರರ ಬೇಡಿಕೆಯಲ್ಲಿ ಬಹುಪಾಲು ಅಲ್ಲ. ಹೊಸದನ್ನು ಕಟ್ಟುವಾಗ ಇದ್ದದ್ದನ್ನು ಕೆಡವಬೇಡಿ ಎಂಬುದೇ ಹೆಚ್ಚು.

ಇಲ್ಲಿ ನೀವು ಎತ್ತಬಹುದಾದ ಮೊದಲ ಆಕ್ಷೇಪ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ: ನಾವಿದ್ದೇವಲ್ಲ, ಯಂತ್ರ ತಂದರೆ ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತೇವೆ. ಆ ನೆರವು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ನೆರವಿಗೆ ಬಂದವರ ಮುಂದೆ ವಿಂಡೋಸಿನ ಪಾಸ್‌ವರ್ಡ್, ವಿಂಡೋಸಿನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀ, ಹೊಸ ವ್ಯವಸ್ಥೆಯ ಪಾಸ್‌ವರ್ಡ್ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಶಿಬಿರ ಮುಗಿದು ನೀವು ಮನೆಗೆ ಹೋದ ಮೇಲೆ ಗ್ರಬ್ ಮೆನು ಆ ಯಂತ್ರದಲ್ಲೇ ಉಳಿಯುತ್ತದೆ, ಕರ್ನಲ್ ಅಪ್‌ಡೇಟ್ ಮುಂದಿನ ತಿಂಗಳು ಬರುತ್ತದೆ, ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಪ್ರತಿ ಬೆಳಿಗ್ಗೆಯೂ ಮಾತಿಲ್ಲದ ಪರದೆಯ ಮುಂದೆ ಪಾಸ್‌ಫ್ರೇಸ್ ಬಡಿಯಬೇಕು. ನಾವೆಲ್ಲ ಭಾಷಣದಲ್ಲಿ ಹೇಳುವ ನಾಲ್ಕು ಸ್ವಾತಂತ್ರ್ಯಗಳಲ್ಲಿ ಮೊದಲನೆಯದು, ತಂತ್ರಾಂಶವನ್ನು ಬೇಕಾದ ಉದ್ದೇಶಕ್ಕೆ ಬೇಕಾದ ಹಾಗೆ ಓಡಿಸುವ ಸ್ವಾತಂತ್ರ್ಯ. ಓಡಿಸಲು ಪ್ರತಿಸಲ ಇನ್ನೊಬ್ಬರ ಕಣ್ಣು ಬೇಕಾದರೆ ಆ ಸ್ವಾತಂತ್ರ್ಯ ಕೈಗೆ ಸಿಕ್ಕಿಲ್ಲ ಎಂದೇ ಅರ್ಥ. ಇಲ್ಲೊಂದು ನೋವಿನ ಹೋಲಿಕೆಯೂ ಇದೆ. 2017ರ ಕ್ರಿಯೇಟರ್ಸ್ ಅಪ್‌ಡೇಟ್ ಬಂದಾಗಿನಿಂದ ವಿಂಡೋಸಿನ ಸೆಟಪ್‌ನಲ್ಲೂ ರಿಕವರಿ ಪರದೆಗಳಲ್ಲೂ ಅದರದೇ ಸ್ಕ್ರೀನ್ ರೀಡರ್ ಆದ ನರೇಟರ್ ಮಾತಾಡುತ್ತದೆ. ಮೂಲ ಕೋಡನ್ನು ಯಾರಿಗೂ ತೋರಿಸದ ವ್ಯವಸ್ಥೆಯನ್ನು ಅಂಧರು ತಾವೇ ಇನ್‌ಸ್ಟಾಲ್ ಮಾಡಿಕೊಳ್ಳಬಲ್ಲರು. ಎಲ್ಲರದೂ ಆದ ವ್ಯವಸ್ಥೆಗೆ ಬಂದಾಗ ಯಾರನ್ನಾದರೂ ಕರೆಯಬೇಕು.

ಎರಡನೆಯ ಆಕ್ಷೇಪ: ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಇದೆ, ವರ್ಚುವಲ್ ಮಷೀನ್ ಇದೆ, ಡಿಸ್ಕ್ ಮುಟ್ಟುವ ಗೊಡವೆಯೇ ಯಾಕೆ? ಇದರಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪಿಯೇ ಮುಂದೆ ಹೋಗುತ್ತೇನೆ. ಕಮಾಂಡ್ ಲೈನ್ ಕಲಿಯಬೇಕಾದ ವಿದ್ಯಾರ್ಥಿಗೆ ಡಬ್ಲ್ಯುಎಸ್‌ಎಲ್ ಒಳ್ಳೆಯದು, ಎನ್‌ವಿಡಿಎ ಅದನ್ನು ಚೆನ್ನಾಗಿಯೇ ಓದುತ್ತದೆ. ಅಷ್ಟೇ ಬೇಕಾದವರಿಗೆ ಡ್ಯುಯಲ್ ಬೂಟ್ ಹೇರಬೇಡಿ. ಆದರೆ ಬೆಂಬಲ ನಿಂತ ವಿಂಡೋಸ್ 10ರ ಯಂತ್ರಕ್ಕೆ ಅದು ಪರಿಹಾರವಾಗುವುದಿಲ್ಲ, ಏಕೆಂದರೆ ಕೆಳಗೆ ಓಡುವುದು ಅದೇ ವಿಂಡೋಸ್. ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನ್ ತೆವಳುತ್ತದೆ. ಕಣ್ಣಿರುವವರ ಗಮನಕ್ಕೆ ಬಾರದ ಇನ್ನೊಂದು ತೊಡಕಿದೆ: ಎನ್‌ವಿಡಿಎಗೂ ಓರ್ಕಾಗೂ ಆಜ್ಞೆಯ ಕೀ ಒಂದೇ, ಇನ್ಸರ್ಟ್. ಒಳಗಿನ ಯಂತ್ರಕ್ಕೆ ಎಂದು ಒತ್ತಿದ್ದನ್ನು ಹೊರಗಿನದು ಹಿಡಿದುಕೊಳ್ಳುತ್ತದೆ, ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಯಾವುದೂ ಅರ್ಥವಾಗುವುದಿಲ್ಲ. ಕಾಯಂ ಆಗಿ ಅದರೊಳಗೆ ಬದುಕಿ ಎಂದು ಹೇಳುವುದು ಸಲಹೆಯಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಯುಇಎಫ್‌ಐ ಬರೆಯುವುದು ಲ್ಯಾಪ್‌ಟಾಪ್ ಕಂಪನಿ, ಅಲ್ಲಿ ಮಾತು ಇಲ್ಲದಿದ್ದರೆ ಲಿನಕ್ಸಿನವರು ಏನು ಮಾಡಬೇಕು ಎಂಬುದು. ಆ ಪರದೆ ನಮ್ಮ ಕೈಯಲ್ಲಿಲ್ಲ, ನಿಜ. ಅಲ್ಲಿಗೆ ಹೋಗುವ ಅಗತ್ಯವನ್ನೇ ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್ ಎಂದು ಹೋದರೆ ಬರುವ ಪರದೆಯಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಒತ್ತಿ ನರೇಟರ್ ಎಬ್ಬಿಸಿ, ‘ಯೂಸ್ ಎ ಡಿವೈಸ್’ ಆಯ್ದು ನೇರವಾಗಿ ಪೆನ್‌ಡ್ರೈವಿಗೆ ಹೋಗಬಹುದು. ಸುಮಾರು ಯಂತ್ರಗಳಲ್ಲಿ ಈ ದಾರಿ ನಡೆಯುತ್ತದೆ. ಮುಂದಿನ ಸಲ ಯಾವ ವ್ಯವಸ್ಥೆ ಏಳಬೇಕು ಎಂಬುದನ್ನು ಲಿನಕ್ಸಿನ ಒಳಗಿಂದ ಗ್ರಬ್-ರೀಬೂಟ್ ಅಥವಾ ಇಎಫ್‌ಐ ಬೂಟ್ ಮ್ಯಾನೇಜರ್ ಆಜ್ಞೆಯಿಂದ, ವಿಂಡೋಸಿನ ಒಳಗಿಂದ ಬಿಸಿಡಿ-ಎಡಿಟ್‌ನಿಂದ ಮೊದಲೇ ಹೇಳಿಡಬಹುದು. ಅಂದರೆ ಆಯ್ಕೆಯನ್ನು ಮೂಕ ಪರದೆಯಿಂದ ತೆಗೆದು, ಮಾತು ಇನ್ನೂ ಇರುವ ಜಾಗಕ್ಕೆ ತರಬಹುದು. ಈ ಆಜ್ಞೆಗಳು ಇವತ್ತೂ ಇವೆ, ಆದರೆ ಕಪ್ಪು ಟರ್ಮಿನಲ್ಲಿನಲ್ಲಿ ಬಲ್ಲವರಿಗಷ್ಟೇ ಸಿಗುತ್ತವೆ. ‘ವಿಂಡೋಸ್‌ಗೆ ರೀಬೂಟ್ ಮಾಡು’ ಎಂಬ ಒಂದು ಮೆನು ಸಾಲಾಗಿ ಅವನ್ನು ಡೆಸ್ಕ್‌ಟಾಪಿಗೆ ತರುವುದು ನಿಮ್ಮ ಕಾಲೇಜಿನ ಮೂರನೆಯ ಸೆಮಿಸ್ಟರಿನ ಹುಡುಗ ಹುಡುಗಿಯರ ಕೈಗೆ ಎಟುಕುವ ಕೆಲಸ.

ಬೂಟ್ ಮೆನುವೇ ಮಾತಾಡುವುದು ಅಸಾಧ್ಯ ಎಂಬ ಮಾತೂ ನಿಲ್ಲುವುದಿಲ್ಲ. ಗ್ರಬ್‌ನ ಸಂರಚನೆಯ ಕಡತದಲ್ಲಿ ‘ಇನಿಟ್ ಟ್ಯೂನ್’ ಎಂಬ ಸಾಲು ಇದೆ. ಅದರ ಮುಂದಿನ ಹ್ಯಾಷ್ ಗುರುತು ತೆಗೆದರೆ ಮೆನು ಬಂದಾಗ ಒಂದು ಸ್ವರ ಕೇಳುತ್ತದೆ. ಸಿಸ್ಟಂಡಿ-ಬೂಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೀಪ್ ಆಯ್ಕೆ ಹಾಕಿದರೆ ಎಷ್ಟನೆಯ ಸಾಲಿನ ಮೇಲಿದ್ದೀರೋ ಅಷ್ಟು ಸಲ ಬೀಪ್ ಮಾಡುತ್ತದೆ. ಇವೆರಡಕ್ಕೂ ಹಳೆಯ ಪಿಸಿ ಸ್ಪೀಕರ್ ಬೇಕು, ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಅದಿಲ್ಲ. ಆ ಮಟ್ಟಿಗೆ ಇದು ಅರೆಪರಿಹಾರ. ಪೂರ್ಣ ಪರಿಹಾರ ಸಾಧ್ಯ ಎಂದು ತೋರಿಸಿದವರು ಬೇರೆಯೇ ದಿಕ್ಕಿನವರು. ಸಾಮಾನ್ಯ ಪಿಸಿಯಲ್ಲಿ ಮ್ಯಾಕ್ ವ್ಯವಸ್ಥೆ ಓಡಿಸಲೆಂದು ಹವ್ಯಾಸಿಗಳು ಕಟ್ಟಿದ ಓಪನ್‌ಕೋರ್ ಬೂಟ್ ಲೋಡರ್, ಯುಇಎಫ್‌ಐ ಮಟ್ಟದಲ್ಲೇ ಸೌಂಡ್ ಚಿಪ್ಪನ್ನು ಎಬ್ಬಿಸಿ, ಮೆನುವಿನ ಸಾಲುಗಳನ್ನು ಧ್ವನಿಯಲ್ಲಿ ಹೇಳುತ್ತದೆ. ಅದರ ಕೋಡ್ ತೆರೆದೇ ಇದೆ. ಹವ್ಯಾಸಿಗಳಿಗೆ ಆದದ್ದು ಜಗತ್ತಿನ ಸರ್ವರುಗಳಲ್ಲಿ ಬಹುಪಾಲನ್ನು ಓಡಿಸುವ ವ್ಯವಸ್ಥೆಗೆ ಆಗುವುದಿಲ್ಲ ಎಂದರೆ ಒಪ್ಪುವುದು ಕಷ್ಟ.

ಉಳಿದದ್ದು ಜನಬಲದ ಮಾತು. ಸ್ವಯಂಸೇವಕರು ಕಡಿಮೆ, ಲಿನಕ್ಸ್ ಬಳಸುವ ಅಂಧರು ಇನ್ನೂ ಕಡಿಮೆ, ಬೇಕಾದವರಿಗೆ ಅವರದ್ದೇ ವಿತರಣೆಗಳಿವೆ ಎನ್ನುತ್ತಾರೆ. ಜನ ಕಡಿಮೆ ಎಂಬುದು ಸುಳ್ಳಲ್ಲ. ಓರ್ಕಾ ಬೆಳೆದದ್ದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಆಶ್ರಯದಲ್ಲಿ. 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಅಲ್ಲಿನ ತಂಡ ಕರಗಿ, ಇಡೀ ಲಿನಕ್ಸ್ ಡೆಸ್ಕ್‌ಟಾಪಿನ ಧ್ವನಿ ಬೆರಳೆಣಿಕೆಯ ಜನರ ಹೆಗಲಿಗೆ ಬಿತ್ತು. ಅಂಧರಿಗೆಂದೇ ಕಟ್ಟಿದ ವಿನಕ್ಸ್, ಸೋನಾರ್ ಎಂಬ ವಿತರಣೆಗಳು, ಕಟ್ಟಿದವರ ಶಕ್ತಿ ಇರುವತನಕ ನಡೆದು ನಿಂತವು. ಕೇರಳದಲ್ಲಿ ಉಬುಂಟು ಮಾಟೆಯ ಮೇಲೆ ಕಟ್ಟಿದ ಆಕ್ಸೆಸಿಬಲ್ ಕೋಕನಟ್ ನಮಗೆ ಹತ್ತಿರದ, ಹೆಮ್ಮೆಪಡಬೇಕಾದ ಪ್ರಯತ್ನ. ಆದರೆ ಪ್ರತ್ಯೇಕ ಬಾಗಿಲು ಕಟ್ಟುವವರ ಮೇಲೆಯೇ ಎಲ್ಲ ಭಾರ ಹಾಕುವ ಬದಲು ಮುಖ್ಯ ಬಾಗಿಲಿನ ಹೊಸಿಲನ್ನು ಒಂದಿಷ್ಟು ತಗ್ಗಿಸಿದರೆ ಅವರ ದುಡಿಮೆಯೂ ಉಳಿಯುತ್ತದೆ. ಬಳಸುವವರು ಕಡಿಮೆ ಎಂಬ ವಾದವಂತೂ ತಲೆಕೆಳಗು. ಮೆಟ್ಟಿಲು ಮಾತ್ರ ಇರುವ ಕಟ್ಟಡಕ್ಕೆ ಗಾಲಿಕುರ್ಚಿಯವರು ಬರುವುದಿಲ್ಲ ಎಂದು ಎಣಿಸಿ ಇಳಿಜಾರು ಬೇಡ ಎನ್ನಲಾಗದು. 2006ರಲ್ಲಿ ಆಸ್ಟ್ರೇಲಿಯಾದ ಅಂಧ ವಿದ್ಯಾರ್ಥಿ ಮೈಕೆಲ್ ಕರನ್ ಎನ್‌ವಿಡಿಎ ಬರೆಯಲು ಕೂತಾಗ ಅದಕ್ಕೂ ಬಳಕೆದಾರರು ಇರಲಿಲ್ಲ. ಇವತ್ತು ಹಣ ಕೊಟ್ಟು ಸ್ಕ್ರೀನ್ ರೀಡರ್ ಕೊಳ್ಳಲಾಗದ ನಮ್ಮ ಹಳ್ಳಿಯ ವಿದ್ಯಾರ್ಥಿ ಹಾಕಿಕೊಳ್ಳುವುದು ಅದನ್ನೇ. ಅದು ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ, ಅದರೊಳಗಿನ ಧ್ವನಿ ತಂತ್ರಾಂಶ ಈಸ್ಪೀಕ್ ಕನ್ನಡವನ್ನೂ ಓದುತ್ತದೆ, ಅದೇ ಈಸ್ಪೀಕ್ ಲಿನಕ್ಸಿನಲ್ಲೂ ಇದೆ. ಹಾಗೆ ನೋಡಿದರೆ ನಮ್ಮ ಅಂಧ ಗೆಳೆಯರು ಮುಕ್ತ ತಂತ್ರಾಂಶದ ಬಳಕೆದಾರರು ಈಗಾಗಲೇ ಆಗಿದ್ದಾರೆ, ನಮ್ಮ ಶಿಬಿರಗಳಿಗೆ ಮಾತ್ರ ಇನ್ನೂ ಬಂದಿಲ್ಲ. ಕಾನೂನೂ ಈಗ ಇದೇ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಂದಿಗೆ ಸೇರಿಸಿ ಓದಿತು. ಸ್ವಯಂಸೇವಕರ ಮೇಲೆ ಕೋರ್ಟಿನ ಭಯ ಹಾಕಲು ಇದನ್ನು ಹೇಳುತ್ತಿಲ್ಲ. ಶಾಲೆಗೆ, ಪಂಚಾಯ್ತಿಗೆ, ಗ್ರಂಥಾಲಯಕ್ಕೆ ಲಿನಕ್ಸ್ ಹಾಕಿ ಎಂದು ನೀವು ಸರ್ಕಾರಕ್ಕೆ ಅರ್ಜಿ ಕೊ‌ಡುವಾಗ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಅಂಧರು ಇದನ್ನು ಬಳಸಬಲ್ಲರೇ ಎಂಬುದೂ ಒಂದಾಗಲಿದೆ.

ಹಾಗಾದರೆ ನಿಮ್ಮಿಂದ ಏನು ಆಗಬೇಕು? ವಿತರಣೆಯೊಂದನ್ನು ಶಿಬಿರಕ್ಕೆ ಆಯ್ಕೆ ಮಾಡುವ ಮೊದಲು ಅದನ್ನು ಒಂದು ಸಲ ಪರದೆ ಆರಿಸಿ, ಮೌಸ್ ಕಿತ್ತಿಟ್ಟು, ವಿಂಡೋಸ್ ಇರುವ ಯಂತ್ರದ ಪಕ್ಕದ ಜಾಗದಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ಎಲ್ಲಿ ಮಾತು ನಿಂತಿತು ಎಂದು ಬರೆದಿಡಿ. ಯಾವ ಆವೃತ್ತಿ, ಯಾವ ಲ್ಯಾಪ್‌ಟಾಪ್, ಯಾವ ಪುಟ, ಅಲ್ಲಿ ಓರ್ಕಾ ಏನು ಹೇಳಿತು, ಏನು ಹೇಳಬೇಕಿತ್ತು ಎಂಬ ಐದು ಸಾಲಿನ ಬಗ್ ವರದಿಗೆ ಭಾಷಣಕ್ಕಿಂತ ಹೆಚ್ಚು ತೂಕವಿದೆ. ಬೆಂಗಳೂರಿನಲ್ಲಿ ಕೂತೇ ಈ ಯೋಜನೆಗಳಿಗೆ ಕೋಡ್ ಬರೆಯುವವರು ನಿಮ್ಮಲ್ಲೇ ಇದ್ದೀರಿ, ಆ ವರದಿ ಯಾರ ಮೇಜಿಗೆ ಹೋಗಬೇಕು ಎಂದು ನಿಮಗೆ ಗೊತ್ತು. ಆದರೆ ಕಣ್ಣು ಮುಚ್ಚಿಕೊಂಡ ಮಾತ್ರಕ್ಕೆ ಅಂಧರ ಅನುಭವ ಬಂದುಬಿಡುವುದಿಲ್ಲ. ಮಿತ್ರಜ್ಯೋತಿ, ಸಮರ್ಥನಂನಂಥ ಸಂಸ್ಥೆಗಳಲ್ಲಿ ಕಂಪ್ಯೂಟರ್ ಕಲಿತವರನ್ನು ಪರೀಕ್ಷಕರಾಗಿ ಕರೆಯಿರಿ, ಅವರ ಸಮಯಕ್ಕೆ ಗೌರವಧನ ಕೊಡಿ. ಇನ್‌ಸ್ಟಾಲರನ್ನು ಕನ್ನಡಕ್ಕೆ ತರುತ್ತಿರುವ ಗೆಳೆಯರು ಪರದೆಯ ಮೇಲೆ ಕಾಣದ, ಸ್ಕ್ರೀನ್ ರೀಡರಿಗೆಂದೇ ಬರೆದ ಹೆಸರುಗಳನ್ನೂ ಅನುವಾದದ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಇನ್‌ಸ್ಟಾಲರ್ ಸುಧಾರಿಸುವವರೆಗೆ ಅಪಾಯದ ಕೆಲಸವನ್ನು ಮಾತು ಇರುವ ಕಡೆಗೆ ಸರಿಸುವುದು ಜಾಣತನ. ಬಿಟ್‌ಲಾಕರ್ ಇದೆಯೋ ಎಂದು ಮೊದಲೇ ನೋಡಿ, ಆ 48 ಅಂಕಿಗಳನ್ನು ಯಂತ್ರದ ಹೊರಗೆ ಬಳಕೆದಾರರೇ ಓದಿಕೊಳ್ಳಬಲ್ಲ ರೂಪದಲ್ಲಿ ಉಳಿಸಲು ಹೇಳಿ. ಕೀ ಕೇಳುವ ಪರದೆ ಬರುವುದು ಎನ್‌ವಿಡಿಎ ಏಳುವುದಕ್ಕೂ ಮೊದಲು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡಿಸ್ಕಿನ ಜಾಗವನ್ನು ಲಿನಕ್ಸ್ ಇನ್‌ಸ್ಟಾಲರಿನಲ್ಲಿ ಕುಗ್ಗಿಸುವ ಬದಲು ವಿಂಡೋಸಿನ ಡಿಸ್ಕ್‌ಪಾರ್ಟ್‌ನಲ್ಲಿ ಕುಗ್ಗಿಸಿ. ಅಲ್ಲಿ ಎಲ್ಲವೂ ಅಕ್ಷರ, ಎನ್‌ವಿಡಿಎ ಪ್ರತಿ ಸಾಲನ್ನೂ ಓದುತ್ತದೆ, ‘ಶ್ರಿಂಕ್ ಡಿಸೈರ್ಡ್’ ಎಂದು 51200 ಕೊಟ್ಟರೆ 50 ಜಿಬಿ ಬಿಡುಗಡೆಯಾಗುತ್ತದೆ. ಆಮೇಲೆ ಇನ್‌ಸ್ಟಾಲರಿಗೆ ಹೇಳಬೇಕಾದ್ದು ಖಾಲಿ ಜಾಗ ಬಳಸು ಎಂದಷ್ಟೇ. ಹತ್ತು ಐಎಸ್‌ಓಗಳ ಪೆನ್‌ಡ್ರೈವ್ ಬೇಡ, ಒಂದೇ ಇರುವ ಪೆನ್‌ಡ್ರೈವ್ ಕೊಡಿ. ಒಂದೆರಡು ಯುಎಸ್‌ಬಿ ಸೌಂಡ್ ಕಾರ್ಡ್ ಇಟ್ಟುಕೊಂಡಿರಿ. ಒಳಗಿನ ಚಿಪ್ ಏಳದ ಯಂತ್ರದಲ್ಲೂ ಅವು ಸಾಮಾನ್ಯವಾಗಿ ಮಾತಾಡುತ್ತವೆ. ಶಿಬಿರದ ಗದ್ದಲದಲ್ಲಿ ಈಸ್ಪೀಕ್‌ನ ತೆಳು ಧ್ವನಿ ಕೇಳುವುದಿಲ್ಲ, ಹಾಗಾಗಿ ಮೂಲೆಯ ಒಂದು ಮೇಜನ್ನು ಇದಕ್ಕೆ ಮೀಸಲಿಡಿ. ಮುಂದಿನ ಶಿಬಿರದ ಪ್ರಕಟಣೆಯಲ್ಲಿ, ಚಾರ್ಜರ್ ಮತ್ತು ಬ್ಯಾಕಪ್ ತನ್ನಿ ಎಂದು ಬರೆಯುವ ಜಾಗದಲ್ಲೇ ಇನ್ನೊಂದು ಸಾಲು ಸೇರಿಸಿ: ಸ್ಕ್ರೀನ್ ರೀಡರ್ ಬಳಸುವವರಿಗೆ ಪ್ರತ್ಯೇಕ ಮೇಜು ಇದೆ, ಹೆಡ್‌ಫೋನ್ ತನ್ನಿ. ಆ ಪ್ರಕಟಣೆಯನ್ನು ಚಿತ್ರವಾಗಿ ಮಾತ್ರ ಹಾಕದೆ, ಅಕ್ಷರದಲ್ಲೂ ಹಾಕಿ.

ಇಂತಿ,
ವಿಶ್ವಾಸದಿಂದ